ರೋಡ್ ಬೈಕಿಗೆ ಒಗ್ಗುವ ಸೀಟು: ಅಳತೆ, ಆಯ್ಕೆ, ಜೋಡಣೆ

ರೋಡ್ ಬೈಕ್, ಅಂದರೆ ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡಿಸಲು ಮಾಡಿದ ಸೈಕಲ್, ಕೊಂಡು ಕೆಲವು ತಿಂಗಳಾದವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಸ್ವಲ್ಪ ದೂರ ಹೋದರೂ ಕೂರಲು ಆಗುತ್ತಿಲ್ಲ, ಯಾವ ಸೀಟು ಹಾಕಿಸಲಿ?" ಅವರಿಗೆ ಬೇಕಿರುವುದು ಒಂದು ಮಾಡೆಲ್‌ನ ಹೆಸರು. ಆದರೆ ಬರೀ ಹೆಸರು ಹೇಳಿ ಕಳಿಸಿದರೆ ಉಪಕಾರವಾಗುವುದಿಲ್ಲ. ಒಬ್ಬರನ್ನು 200 ಕಿ.ಮೀ. ಸಲೀಸಾಗಿ ಹೊತ್ತ ಸೀಟು ಇನ್ನೊಬ್ಬರಿಗೆ 20 ಕಿ.ಮೀ. ದಾಟುವ ಮೊದಲೇ ಜೋಮು ಹಿಡಿಸುತ್ತದೆ. ಸೀಟು ಬೂಟಿನ ಹಾಗೆ, ಅಳತೆ ನೋಡಿ ಕೊಳ್ಳಬೇಕಾದ ವಸ್ತು. ಕೂತಾಗ ಭಾರ ಹೊರುವ ನಿಮ್ಮ ಪೃಷ್ಠದ ಎರಡು ಮೂಳೆಗಳ ನಡುವಿನ ಅಂತರ ಎಷ್ಟು, ನೀವು ಎಷ್ಟು ಬಾಗಿ ಓಡಿಸುತ್ತೀರಿ, ಸೀಟನ್ನು ಯಾವ ಎತ್ತರಕ್ಕೆ ಯಾವ ಓರೆಯಲ್ಲಿ ಕಟ್ಟಿದ್ದೀರಿ, ಈ ಮೂರು ಗೊತ್ತಾಗದೆ ಯಾವ ಹೆಸರು ಹೇಳಿದರೂ ಅದು ಊಹೆಯೇ.

ಅಂಗಡಿಗೆ ಹೋದವರ ಕೈ ಮೊದಲು ಹೋಗುವುದು ಮೆತ್ತಗಿನ ಸೀಟಿನ ಮೇಲೆ. ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಸುಖ ಎಂದುಕೊಳ್ಳುತ್ತಾರೆ. ಹತ್ತು ನಿಮಿಷದ ಓಡಾಟಕ್ಕೆ ಅದು ನಿಜವೂ ಹೌದು. ಗಂಟೆಗಟ್ಟಲೆ ಕೂತಾಗ ಬೇರೆಯೇ ಆಗುತ್ತದೆ. ಮೂಳೆಗಳು ಸೀಟಿನಲ್ಲಿ ತುಂಬಿದ ಜೆಲ್ ಎಂಬ ಮೆತ್ತನೆಯ ಪದರದ ಒಳಗೆ ಇಳಿದುಹೋಗುತ್ತವೆ, ಪಕ್ಕಕ್ಕೆ ಸರಿದ ಜೆಲ್ ನಡುವಿನಲ್ಲಿ ಉಬ್ಬಿ ಮೃದುವಾದ ಭಾಗವನ್ನು ಕೆಳಗಿನಿಂದ ಒತ್ತುತ್ತದೆ. ಆ ಭಾಗದಲ್ಲಿ ನರವೂ ರಕ್ತನಾಳಗಳೂ ಹಾದುಹೋಗುತ್ತವೆ. ದಪ್ಪ ಜೆಲ್ ಸೀಟಿಗೆ ಬದಲಾಯಿಸಿದ ಮೇಲೆ ಜೋಮು ಹೆಚ್ಚಾಯಿತು ಎನ್ನುವವರಿಗೆ ಆಗಿರುವುದು ಇದೇ. ಭಾರ ಮೂಳೆಯ ಮೇಲೆ ಬಿದ್ದು, ನಡುವಿನ ಭಾಗ ಹಗುರಾಗಿರಬೇಕು. ಮುಂದೆ ಹೇಳುವ ಎಲ್ಲ ಹಂತಗಳೂ ಇದಕ್ಕಾಗಿಯೇ.

ಬೇಕಾಗುವ ಸಾಮಾನು

4, 5, 6 ಮಿ.ಮೀ. ಅಲೆನ್ ಕೀಗಳು (ಬೋಲ್ಟ್ ತಿರುಗಿಸುವ ಆರು ಮೂಲೆಯ ಕೀಲಿಗಳು), ಟೇಪು, ಮಿಲಿಮೀಟರ್ ಗುರುತಿರುವ ಸ್ಕೇಲು, ಬಣ್ಣದ ಅಂಟುಪಟ್ಟಿ, ಒಂದು ಚಿಕ್ಕ ರಸಮಟ್ಟ (ಫೋನಿನಲ್ಲಿರುವ ಮಟ್ಟ ತೋರಿಸುವ ಆ್ಯಪ್ ಕೂಡ ಸಾಕು), ನೇರವಾದ ಒಂದು ಹಲಗೆ ತುಂಡು ಅಥವಾ ಗಟ್ಟಿ ರಟ್ಟಿನ ಪುಸ್ತಕ, ಸುಕ್ಕು ಪದರವಿರುವ ದಪ್ಪ ರಟ್ಟು, ಸೀಮೆಸುಣ್ಣ, ಸ್ವಲ್ಪ ಗ್ರೀಸ್, ಬರೆದಿಡಲು ನೋಟ್‌ಬುಕ್. ನಿಮ್ಮ ಬೈಕಿನಲ್ಲಿ ಕಾರ್ಬನ್ (ಇಂಗಾಲದ ಎಳೆಗಳಿಂದ ಮಾಡಿದ) ಭಾಗಗಳಿದ್ದರೆ ಟಾರ್ಕ್ ರೆಂಚ್, ಅಂದರೆ ಬೋಲ್ಟನ್ನು ಎಷ್ಟು ಬಲದಿಂದ ಬಿಗಿದಿರಿ ಎಂದು ತೋರಿಸುವ ಸ್ಪ್ಯಾನರ್, ಇಲ್ಲದೆ ಕೈ ಹಾಕಬೇಡಿ. ಕೈ ಅಂದಾಜಿಗೆ ಕಾರ್ಬನ್ ಸಿಗುವುದಿಲ್ಲ. ಬಿರುಕು ಬಿಟ್ಟದ್ದು ಕಣ್ಣಿಗೆ ಕಾಣದೆಯೂ ಇರಬಹುದು.

ಹಂತ 1: ತಪ್ಪು ಸೀಟಿನದೇ ಎಂದು ಖಚಿತಪಡಿಸಿಕೊಳ್ಳಿ

ಹೊಸ ಸೀಟು ಕೊಳ್ಳುವ ಮುನ್ನ ಈಗಿರುವುದನ್ನು ಎರಡು ವಾರ ಸರಿಯಾಗಿ ಕಟ್ಟಿ ಓಡಿಸಿ ನೋಡಿ. ಎಷ್ಟೋ ಸಲ ಸೀಟು ನಿರಪರಾಧಿ.

ಮೊದಲು ಎತ್ತರ. ಗೋಡೆಗೆ ಆತು ಬೈಕಿನ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲು ಅತಿ ಕೆಳಗೆ ಬಂದಾಗ ಮೊಣಕಾಲು ನೇರವಾಗಬೇಕು, ಸೊಂಟ ಆ ಕಡೆಗೆ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ಎಂದಿನಂತೆ ತುಳಿದಾಗ ಮೊಣಕಾಲು ತಾನಾಗಿ ಸ್ವಲ್ಪ ಬಾಗಿ ಉಳಿಯುತ್ತದೆ. ಆ ಬಾಗು 25ರಿಂದ 35 ಡಿಗ್ರಿಯೊಳಗೆ ಇದ್ದರೆ ಸರಿ. ಲೆಕ್ಕದ ದಾರಿ ಬೇಕೆಂದರೆ, ತೊಡೆಸಂದಿನಿಂದ ನೆಲದವರೆಗಿನ ಒಳಗಾಲಿನ ಅಳತೆಯನ್ನು 0.883ರಿಂದ ಗುಣಿಸಿ. ಕ್ರ್ಯಾಂಕ್, ಅಂದರೆ ಪೆಡಲು ಹಿಡಿದಿರುವ ತೋಳು, ತಿರುಗುವ ಅಕ್ಷದ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಅಂತರ ಬರಬೇಕು. ಒಳಗಾಲು 82 ಸೆಂ.ಮೀ. ಇದ್ದರೆ 72.4 ಸೆಂ.ಮೀ. ಎರಡೂ ಆರಂಭದ ಅಳತೆಗಳು ಮಾತ್ರ. ನಿಮ್ಮ ಬೂಟು, ಪೆಡಲು, ಮೈಯ ಬಿಗುವು ನೋಡಿ ಕೆಲವು ಮಿಲಿಮೀಟರ್ ಆಚೀಚೆ ಆಗುತ್ತದೆ.

ಸೀಟು ತೀರಾ ಮೇಲಿದ್ದರೆ ಪ್ರತಿ ತುಳಿತಕ್ಕೂ ಸೊಂಟ ಎಡಕ್ಕೆ ಬಲಕ್ಕೆ ಜಾರುತ್ತದೆ. ಹಾಗೆ ಜಾರುವಾಗ ಚರ್ಮ ಉಜ್ಜುತ್ತದೆ, ಸೀಟಿನ ಮೂತಿಯ, ಅಂದರೆ ಮುಂದಿನ ಸಣ್ಣ ತುದಿಯ, ಮೇಲೆ ಭಾರ ಬೀಳುತ್ತದೆ. ಇದನ್ನು ಯಾವ ದುಬಾರಿ ಸೀಟೂ ಸರಿಪಡಿಸುವುದಿಲ್ಲ. ಹಿಂದಿನಿಂದ ಯಾರಾದರೂ ಅರ್ಧ ನಿಮಿಷ ವಿಡಿಯೊ ಮಾಡಿದರೆ ಸೊಂಟ ಆಡುವುದು ಚೆನ್ನಾಗಿ ಕಾಣುತ್ತದೆ.

ಎರಡನೆಯದು ಹ್ಯಾಂಡಲು. ಅದು ತೀರಾ ದೂರ ಅಥವಾ ತೀರಾ ಕೆಳಗಿದ್ದರೆ ಮೈ ಮುಂದಕ್ಕೆ ಎಳೆದುಕೊಂಡು ನೀವು ಸೀಟಿನ ಮೂತಿಯ ಮೇಲೆ ಬಂದು ಕೂರುತ್ತೀರಿ. ಅಲ್ಲಿ ಮೂಳೆಗೆ ಆಸರೆಯೇ ಇಲ್ಲ. "ಯಾವ ಸೀಟಿನಲ್ಲೂ ಮುಂದೆಯೇ ನೋವು" ಎನ್ನುವವರು ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ ಎಂಬ ಗಿಡ್ಡ ಕೊಳವೆಯ ಉದ್ದ ನೋಡಬೇಕು. 10 ಮಿ.ಮೀ. ಗಿಡ್ಡನೆಯ ಸ್ಟೆಮ್ ಹಾಕಿಸಿದ ಮೇಲೆ ಸೀಟು ಬದಲಿಸುವ ಅಗತ್ಯವೇ ಉಳಿಯದೆ ಇರಬಹುದು.

ಮೂರನೆಯದು ಬಟ್ಟೆ. ಸೈಕ್ಲಿಂಗ್ ಚಡ್ಡಿಯ ಒಳಗೆ ಒಳಉಡುಪು ಹಾಕಬಾರದು. ಅದರ ಹೊಲಿಗೆಯ ಗೆರೆಯೇ ಚರ್ಮ ಕೊಯ್ಯುತ್ತದೆ. ಒಳಗಿನ ಪ್ಯಾಡ್ ಹಳತಾಗಿ ಚಪ್ಪಟೆಯಾಗಿದ್ದರೆ ಅಥವಾ ಚಡ್ಡಿ ಸಡಿಲವಾಗಿ ಪ್ಯಾಡ್ ಮೈಗಂಟದೆ ಓಡಾಡುತ್ತಿದ್ದರೆ ಮೊದಲು ಚಡ್ಡಿ ಬದಲಿಸಿ. ದಪ್ಪ ಪ್ಯಾಡಿನ ಮೇಲೆ ದಪ್ಪ ಸೀಟು ಕೂಡಿಸುವುದು ಮೇಲೆ ಹೇಳಿದ ಜೆಲ್ ತೊಂದರೆಯನ್ನೇ ಇಮ್ಮಡಿ ಮಾಡುತ್ತದೆ.

ಹಂತ 2: ನೋವು ಎಲ್ಲಿದೆ ಎಂದು ಬರೆದಿಡಿ

"ನೋವು" ಎಂದಷ್ಟೇ ಹೇಳಿದರೆ ಸಾಲದು. ಓಡಿಸಿ ಬಂದ ಕೂಡಲೇ ಎಲ್ಲಿ, ಎಂಥದ್ದು, ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಬರೆಯಿರಿ. ಮುಂದಿನ ಆಯ್ಕೆಗೆ ಇದೇ ಆಧಾರ.

ಪೃಷ್ಠದ ಎರಡೂ ಕಡೆ, ಮೂಳೆ ಕೂರುವ ಜಾಗದಲ್ಲಿ ಮಾತ್ರ ನೋವಿದ್ದರೆ, ಮತ್ತು ನೀವು ಹೊಸಬರಾಗಿದ್ದರೆ, ಅದು ಹೆಚ್ಚಾಗಿ ರೂಢಿಯ ನೋವು. ಒಂದೆರಡು ವಾರದಲ್ಲಿ ತಗ್ಗುತ್ತದೆ. ತಗ್ಗದಿದ್ದರೆ ಸೀಟಿನ ಅಗಲ ತಪ್ಪಿದೆ ಅಥವಾ ಫೋಮ್ ಸತ್ತಿದೆ. ಮೂಳೆಗಳ ಹೊರಬದಿಯಲ್ಲಿ ಅಂಚು ಕೊರೆದಂತೆ ನೋವಾದರೆ ಸೀಟು ಕಿರಿದಾಯಿತು. ತೊಡೆಯ ಹಿಂಬದಿ ಅಂಚಿಗೆ ತಾಗುತ್ತಿದ್ದರೆ ಅಗಲ ಹೆಚ್ಚಾಯಿತು. ಒಳತೊಡೆ ಉಜ್ಜಿ ಸುಲಿದರೆ ಮೂತಿಯಿಂದ ಹಿಂಭಾಗಕ್ಕೆ ಸೀಟು ನಿಧಾನವಾಗಿ ಅಗಲವಾಗುತ್ತಾ ಹೋಗುವ ಆಕಾರ ನಿಮಗೆ ಒಗ್ಗಿಲ್ಲ. ನೋವು ಒಂದೇ ಬದಿಗೆ ಇದ್ದರೆ ಸೀಟಿನ ಮೂತಿ ನೇರವಾಗಿದೆಯೇ ನೋಡಿ. ನೇರವಾಗಿದ್ದೂ ನೋವು ಹೋಗದಿದ್ದರೆ ಕಾಲುಗಳ ಉದ್ದದಲ್ಲಿ ವ್ಯತ್ಯಾಸವೋ ಸೊಂಟದ ಓರೆಯೋ ಇರಬಹುದು. ಅದಕ್ಕೆ ಬೈಕ್ ಫಿಟ್ಟರ್, ಅಂದರೆ ಸವಾರನ ಮೈ ಅಳತೆಗೆ ಬೈಕನ್ನು ಹೊಂದಿಸುವವರು, ಅಥವಾ ಫಿಸಿಯೊಥೆರಪಿಸ್ಟ್ ನೋಡಬೇಕು.

ಜೋಮು ಬೇರೆಯೇ ಮಾತು. ಜನನಾಂಗದ ಭಾಗದಲ್ಲಿ ಸ್ಪರ್ಶ ಗೊತ್ತಾಗದಂತಾಗುವುದು, ಜುಮ್ಮೆನ್ನುವುದು, ಊದಿಕೊಳ್ಳುವುದು, ಇವು ಗಂಡಸರಿಗೂ ಆಗುತ್ತವೆ, ಹೆಂಗಸರಿಗೂ ಆಗುತ್ತವೆ. ಹೇಳಿಕೊಳ್ಳಲು ಮುಜುಗರ ಎಂದು ತುಂಬ ಮಂದಿ ವರ್ಷಗಟ್ಟಲೆ ಸಹಿಸುತ್ತಾರೆ. ಸಹಿಸಬೇಡಿ. ರೂಢಿಯಾದರೆ ಹೋಗುವ ತೊಂದರೆ ಇದಲ್ಲ. ನರ ಮತ್ತು ರಕ್ತನಾಳ ಅದುಮಿ ಹಿಡಿದಿರುವುದರ ಗುರುತು ಇದು. ಜೋಮು ಬಂದ ಕೂಡಲೇ ಎದ್ದು ನಿಂತು ತುಳಿಯಿರಿ, ಆ ದಿನದ ಸವಾರಿಯನ್ನು ಚಿಕ್ಕದು ಮಾಡಿ. ಇಳಿದ ಮೇಲೆ ಗಂಟೆಗಟ್ಟಲೆ ಜೋಮು ಉಳಿದರೆ, ಮೂತ್ರದಲ್ಲಿ ರಕ್ತ ಕಂಡರೆ, ಕುರು ಎದ್ದು ಜ್ವರ ಬಂದರೆ ಸೀಟಿನ ಯೋಚನೆ ಬದಿಗಿಟ್ಟು ವೈದ್ಯರ ಬಳಿ ಹೋಗಿ.

ಹಂತ 3: ಕೂರುವ ಮೂಳೆಗಳ ಅಂತರ ಅಳೆಯಿರಿ

ಕೂತಾಗ ಪೃಷ್ಠದ ಅಡಿಗೆ ಕೈ ಹಾಕಿದರೆ ಎರಡು ಗಟ್ಟಿ ಗುಬುಟುಗಳು ಸಿಗುತ್ತವೆ. ಸೈಕಲ್ ಮಂದಿ ಇವನ್ನು ಸಿಟ್ ಬೋನ್ ಎನ್ನುತ್ತಾರೆ. ಇವುಗಳ ನಡುವಿನ ಅಂತರ ವಯಸ್ಕರಲ್ಲಿ ಹೆಚ್ಚಾಗಿ 100ರಿಂದ 150 ಮಿ.ಮೀ. ಒಳಗೆ ಇರುತ್ತದೆ. ಹೆಂಗಸರಲ್ಲಿ ಸರಾಸರಿ ಸ್ವಲ್ಪ ಹೆಚ್ಚು. ಸೊಂಟದ ಸುತ್ತಳತೆಗೂ ಮೈಯ ತೂಕಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ದಪ್ಪಗಿರುವವರಿಗೆ ಕಿರಿದಾದ ಅಂತರ, ಸಣಕಲರಿಗೆ ಅಗಲದ ಅಂತರ ಇರುವುದು ಸಾಮಾನ್ಯ. ಹಾಗಾಗಿ ಕನ್ನಡಿ ನೋಡಿ ಅಂದಾಜು ಮಾಡಬೇಡಿ.

ಅಳೆಯುವ ರೀತಿ ಹೀಗೆ. ಗಟ್ಟಿಯಾದ, ಮಟ್ಟಸವಾದ ಗಿಡ್ಡ ಸ್ಟೂಲು ಅಥವಾ ಮೆಟ್ಟಿಲಿನ ಮೇಲೆ ರಟ್ಟು ಹಾಸಿ. ತೆಳ್ಳಗಿನ ಬಟ್ಟೆ ಹಾಕಿಕೊಂಡು ಕೂರಿ. ಜೀನ್ಸ್ ಬೇಡ, ಪ್ಯಾಡ್ ಇರುವ ಚಡ್ಡಿಯೂ ಬೇಡ. ಮೊಣಕಾಲು ಸೊಂಟಕ್ಕಿಂತ ತುಸು ಮೇಲಿರುವಂತೆ ಪಾದಗಳನ್ನು ತುದಿಗಾಲಿನಲ್ಲಿ ಇಡಿ. ಬೈಕಿನ ಮೇಲೆ ಬಾಗುವಷ್ಟೇ ಮುಂದಕ್ಕೆ ಬಾಗಿ, ಸ್ಟೂಲಿನ ಅಂಚನ್ನು ಎರಡೂ ಕೈಯಿಂದ ಮೇಲಕ್ಕೆ ಎಳೆಯುತ್ತಾ ಅರ್ಧ ನಿಮಿಷ ಭಾರ ಬಿಡಿ. ಅತ್ತಿತ್ತ ಅಲುಗಬೇಡಿ, ಅಲುಗಿದರೆ ಗುರುತು ಹರಡುತ್ತದೆ. ಎದ್ದ ಮೇಲೆ ಸೀಮೆಸುಣ್ಣವನ್ನು ಅಡ್ಡಡ್ಡ ಹಿಡಿದು ರಟ್ಟಿನ ಮೇಲೆ ಉಜ್ಜಿ. ತಗ್ಗಾದ ಎರಡು ಜಾಗ ಬಣ್ಣ ಹಿಡಿಯದೆ ಉಳಿಯುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಅಂಚಿನಿಂದ ಅಂಚಿಗೆ ಅಳೆದು 20, 30 ಮಿ.ಮೀ. ಹೆಚ್ಚು ತೋರಿಸಿಕೊಳ್ಳುವುದು ಈ ಹಂತದಲ್ಲಿ ಎಲ್ಲರೂ ಮಾಡುವ ತಪ್ಪು. ಹೊಸ ಹೊಸ ರಟ್ಟಿನ ಮೇಲೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಮೂರರಲ್ಲಿ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಮಾಡಿ.

ಹಂತ 4: ಆಕಾರ ಆಯ್ದುಕೊಳ್ಳಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು.

ಅಗಲ. ಮೂಳೆಗಳ ಅಂತರಕ್ಕೆ ಸ್ವಲ್ಪ ಕೂಡಿಸಿದರೆ ಸೀಟಿನ ಅಗಲ ಸಿಗುತ್ತದೆ. ಎಷ್ಟು ಕೂಡಿಸಬೇಕು ಎಂಬುದು ನೀವು ಬಾಗುವುದರ ಮೇಲೆ ನಿಂತಿದೆ. ಬ್ರೇಕಿನ ಮೇಲಿನ ಗುಬುಟು ಹಿಡಿದು ಸಾಧಾರಣವಾಗಿ ಬಾಗಿ ಓಡಿಸುವವರು 20ರಿಂದ 25 ಮಿ.ಮೀ. ಕೂಡಿಸಲಿ. ಹ್ಯಾಂಡಲಿನ ಕೆಳಬಾಗು ಹಿಡಿದು ಬೆನ್ನು ಚಪ್ಪಟೆ ಮಾಡಿ ಓಡಿಸುವವರಿಗೆ 10ರಿಂದ 15 ಸಾಕು. ಬೆನ್ನು ನೆಟ್ಟಗಿಟ್ಟು ಕೂರುವವರಿಗೆ 30 ಬೇಕಾಗಬಹುದು. ಕಾರಣ ಇಷ್ಟೆ: ಮುಂದಕ್ಕೆ ಬಾಗಿದಂತೆಲ್ಲ ಸೊಂಟದ ಗೂಡು ಮುಂದಕ್ಕೆ ಉರುಳುತ್ತದೆ, ಸೀಟಿಗೆ ತಾಗುವ ಮೂಳೆಯ ಭಾಗವೂ ಮುಂದಕ್ಕೆ ಸರಿಯುತ್ತದೆ. ಅಲ್ಲಿ ಎರಡು ಮೂಳೆಗಳೂ ಹತ್ತಿರ ಹತ್ತಿರ ಬರುತ್ತವೆ. ಉದಾಹರಣೆಗೆ ಅಂತರ 120 ಮಿ.ಮೀ. ಇದ್ದು ಸಾಧಾರಣವಾಗಿ ಬಾಗುವವರಾದರೆ 140ರಿಂದ 145ರ ಸೀಟು ಬೇಕು. ಸ್ಪೆಷಲೈಜ್ಡ್ ತನ್ನ ಸೀಟುಗಳನ್ನು 143, 155, 168 ಮಿ.ಮೀ. ಎಂಬಂತೆ ಮಾಡುತ್ತದೆ. ಬೇರೆ ಕಂಪನಿಗಳಲ್ಲೂ ಒಂದೇ ಮಾಡೆಲ್ ಎರಡು ಮೂರು ಅಗಲಗಳಲ್ಲಿ ಸಿಗುತ್ತದೆ. ಒಂದೇ ಅಗಲದಲ್ಲಿ ಬರುವ ಮಾಡೆಲ್ ನಿಮ್ಮ ಅಳತೆಗೆ ಕೂಡದಿದ್ದರೆ ಯಾರು ಎಷ್ಟೇ ಹೊಗಳಿದರೂ ಬಿಟ್ಟುಬಿಡಿ.

ಪೆಟ್ಟಿಗೆಯ ಮೇಲೆ ಬರೆದ ಅಗಲ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದದ್ದು ಎಂಬುದು ನೆನಪಿರಲಿ. ಹಿಂದಿನಿಂದ ನೋಡಿದಾಗ ಸೀಟು ಕೊಡೆಯಂತೆ ದುಂಡಗೆ ಇಳಿದಿದ್ದರೆ ಮೂಳೆ ಕೂರಲು ಸಿಗುವ ಜಾಗ ಅದಕ್ಕಿಂತ ಕಡಿಮೆ. 143 ಎಂದು ಬರೆದಿರುವ ಎರಡು ಸೀಟುಗಳಲ್ಲಿ ಒಂದು ಒಗ್ಗಿ ಇನ್ನೊಂದು ಒಗ್ಗದಿರುವುದು ಇದರಿಂದಲೇ. ಸ್ಕೇಲನ್ನು ಅಡ್ಡಲಾಗಿಟ್ಟು ಮಟ್ಟಸವಾದ ಭಾಗ ಎಷ್ಟಿದೆ ನೋಡಿ. ನಿಮ್ಮ ಮೂಳೆಗಳ ಎರಡೂ ಗುರುತು ಆ ಭಾಗದೊಳಗೆ ಬೀಳಬೇಕು.

ಬದಿಯ ನೋಟ. ಬದಿಯಿಂದ ನೋಡಿದಾಗ ಕೆಲವು ಸೀಟು ಹಲಗೆಯಂತೆ ಚಪ್ಪಟೆ, ಕೆಲವು ನಡುವಿನಲ್ಲಿ ತಗ್ಗಾಗಿ ಹಿಂದೆ ಏರುತ್ತವೆ. ಚಪ್ಪಟೆ ಸೀಟಿನಲ್ಲಿ ಹಿಂದೆ ಮುಂದೆ ಸರಿದು ಕೂರಬಹುದು, ಏರಿನಲ್ಲಿ ಹಿಂದಕ್ಕೆ, ವೇಗದಲ್ಲಿ ಮುಂದಕ್ಕೆ. ತಗ್ಗಿರುವ ಸೀಟು ನಿಮ್ಮನ್ನು ಒಂದೇ ಜಾಗದಲ್ಲಿ ಹಿಡಿದು ಕೂರಿಸುತ್ತದೆ. ಸುಮ್ಮನೆ ಒಂದೇ ಕಡೆ ಕೂತು ತುಳಿಯುವವರಿಗೆ ಅದು ಒಳ್ಳೆಯ ಆಸರೆ, ಸರಿದಾಡುವವರಿಗೆ ಕಿರಿಕಿರಿ. ಬೆನ್ನು, ತೊಡೆಯ ಹಿಂದಿನ ಸ್ನಾಯು ಬಿಗಿಯಾಗಿದ್ದು ಹೆಚ್ಚು ಬಾಗಲಾಗದವರಿಗೆ ತಗ್ಗಿನ ಸೀಟು ಬೇಗ ಒಗ್ಗುತ್ತದೆ.

ಮೇಲಿನ ನೋಟ. ಮೂತಿ ಉದ್ದಕ್ಕೂ ಸಣ್ಣಗಿದ್ದು ಹಿಂದೆ ಒಮ್ಮೆಲೇ ಅಗಲವಾದರೆ ಅದನ್ನು ಟಿ ಆಕಾರ ಎನ್ನುತ್ತಾರೆ. ನಿಧಾನವಾಗಿ ಅಗಲವಾಗುತ್ತಾ ಹೋದರೆ ಪೇರ್ ಹಣ್ಣಿನ ಆಕಾರ. ಒಳತೊಡೆ ಉಜ್ಜುವ ತೊಂದರೆ ಇರುವವರು ಟಿ ಆಕಾರ ನೋಡಲಿ. ತುಳಿಯುವಾಗ ಮುಂದೆ ಹಿಂದೆ ಸರಿಯುವವರಿಗೆ ಪೇರ್ ಆಕಾರದಲ್ಲಿ ಎಲ್ಲೆಡೆ ಒಂದಿಷ್ಟು ಆಸರೆ ಸಿಗುತ್ತದೆ.

ನಡುವಿನ ಸೀಳು. ಜೋಮು ಹಿಡಿಯುವವರಿಗೆ ನಡುವಿನಲ್ಲಿ ಪೂರ್ತಿ ತೂತಿರುವ ಅಥವಾ ಆಳವಾದ ಕಾಲುವೆ ಇರುವ ಸೀಟು ಹೆಚ್ಚಾಗಿ ನೆರವಾಗುತ್ತದೆ. ಆದರೆ ಸೀಳು ಇದ್ದ ಮಾತ್ರಕ್ಕೆ ಸಮಸ್ಯೆ ತೀರುವುದಿಲ್ಲ. ಸೀಟು ಕಿರಿದಾಗಿದ್ದರೆ ಮೂಳೆಗಳು ಆಸರೆ ತಪ್ಪಿ ಮೃದು ಭಾಗವೇ ಸೀಳಿನ ಅಂಚಿನ ಮೇಲೆ ಕೂರುತ್ತದೆ, ಆಗ ಅಂಚು ಕೊಯ್ಯುತ್ತದೆ. ಮೊದಲು ಅಗಲ ಸರಿ ಇರಲಿ, ಆಮೇಲೆ ಸೀಳು. ಬೆರಳಿನಿಂದ ಸವರಿದಾಗ ಸೀಳಿನ ಅಂಚು ಗಟ್ಟಿಯಾಗಿ ಎದ್ದು ಸಿಕ್ಕರೆ ಆ ಸೀಟು ಬೇಡ.

ಮೂತಿಯ ಉದ್ದ. ಹಳೆಯ ರೀತಿಯ ಸೀಟುಗಳು 270ರಿಂದ 280 ಮಿ.ಮೀ. ಉದ್ದ. ಈಗ ಹೆಚ್ಚಾಗಿ ಕಾಣುವ ಗಿಡ್ಡ ಮೂತಿಯವು 240ರಿಂದ 250. ತುಂಬ ಬಾಗಿ ಓಡಿಸುವವರಿಗೆ ಮೂತಿ ಗಿಡ್ಡವಾದಷ್ಟೂ ಮುಂದಿನ ಒತ್ತಡ ಕಡಿಮೆ. ಸೀಟಿನ ಮೇಲೆ ಸರಿದಾಡಲು ಸಿಗುವ ಜಾಗವೂ ಅಷ್ಟೇ ಕಡಿಮೆಯಾಗುತ್ತದೆ. ಐಎಸ್‌ಎಂ ಕಂಪನಿ ಮಾಡುವಂಥ, ಮುಂದೆ ಎರಡಾಗಿ ಸೀಳಿದ ಸೀಟುಗಳು ಉಳಿದ ಯಾವುದರಲ್ಲೂ ಜೋಮು ಹೋಗದವರು ನೋಡಬಹುದಾದವು. ಅವುಗಳ ಮೇಲೆ ಕೂರುವ ಜಾಗವೇ ಬೇರೆ ಆದ್ದರಿಂದ ಹಳೆಯ ಅಳತೆಗಳಲ್ಲಿ ಕಟ್ಟಿದರೆ ಇನ್ನಷ್ಟು ನೋಯುತ್ತದೆ.

ಹೊದಿಕೆ ಮತ್ತು ಮೆತ್ತೆ. ಫೋಮ್ ತೆಳ್ಳಗಿದ್ದರೂ ಗಟ್ಟಿಯಾಗಿರಲಿ. ಹೆಬ್ಬೆರಳಿನಿಂದ ಒತ್ತಿದಾಗ ಅಡಿಯ ಗಟ್ಟಿ ಚಿಪ್ಪು ಸಿಗುವಷ್ಟು ಇಳಿದರೆ ಎರಡು ಗಂಟೆಯಾದ ಮೇಲೆ ನೀವು ಕೂರುವುದು ಆ ಚಿಪ್ಪಿನ ಮೇಲೆಯೇ. 3ಡಿ ಪ್ರಿಂಟ್ ಮಾಡಿದ ಜಾಲರಿ ಮೆತ್ತೆಯ ಸೀಟುಗಳು ಒತ್ತಡವನ್ನು ಚೆನ್ನಾಗಿ ಹಂಚುತ್ತವೆ. ಮಣ್ಣು ಸೇರಿದರೆ ತೊಳೆಯುವುದು ಕಷ್ಟ. ಬ್ರೂಕ್ಸ್ ಬಿ17ನಂಥ ಚರ್ಮದ ಸೀಟು ಮೊದಲು ಕಲ್ಲಿನಂತಿದ್ದು, ನೂರಾರು ಕಿಲೋಮೀಟರ್ ಓಡಿದ ಮೇಲೆ ನಿಮ್ಮ ಮೂಳೆಯ ಅಚ್ಚಿಗೆ ತಗ್ಗುತ್ತದೆ. ಅದು ನೆನೆಯಬಾರದು, ಭಾರವೂ ಹೆಚ್ಚು, ಆದರೆ ಒಗ್ಗಿದವರು ಬೇರೆಯದನ್ನು ಮುಟ್ಟುವುದಿಲ್ಲ. ಗಂಡಸರ ಸೀಟು, ಹೆಂಗಸರ ಸೀಟು ಎಂಬ ಚೀಟಿಗಿಂತ ಅಳತೆ ನಂಬಿ. ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 100 ಗ್ರಾಂ ಉಳಿಸಿ ನೋವು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಸಾಧ್ಯವಾದಲ್ಲಿ ಪರೀಕ್ಷೆಗೆ ಕೊಡುವ ಅಥವಾ ವಾಪಸು ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ. ಜೊತೆಗಾರರ ಬಳಿ ನಿಮ್ಮ ಅಗಲದ ಬೇರೆ ಆಕಾರದ ಸೀಟಿದ್ದರೆ ವಾರದ ಮಟ್ಟಿಗೆ ಬದಲಾಯಿಸಿಕೊಳ್ಳಿ. ಅಂಗಡಿಯಲ್ಲಿ ಎರಡು ನಿಮಿಷ ಕೂತು ನೋಡಿದ್ದಕ್ಕೆ ಬೆಲೆಯಿಲ್ಲ.

ಹಂತ 5: ಕಂಬಿ ಮತ್ತು ಹಿಡಿಕೆ ಕೂಡುತ್ತವೆಯೇ ನೋಡಿ

ಸೀಟಿನ ಅಡಿಯಲ್ಲಿ ಮುಂದಿನಿಂದ ಹಿಂದಕ್ಕೆ ಓಡುವ ಎರಡು ಕಂಬಿಗಳಿವೆ. ಅಂಗಡಿಯಲ್ಲಿ ಇವನ್ನು ರೇಲ್ ಎನ್ನುತ್ತಾರೆ. ಸೀಟ್‌ಪೋಸ್ಟ್, ಅಂದರೆ ಸೀಟನ್ನು ಹೊತ್ತ ಕೊಳವೆಯ ತುದಿಯಲ್ಲಿರುವ ಹಿಡಿಕೆ ಇವನ್ನು ಕಚ್ಚಿ ಹಿಡಿಯುತ್ತದೆ. ಉಕ್ಕು ಮತ್ತು ಟೈಟೇನಿಯಂ ಕಂಬಿಗಳು 7 ಮಿ.ಮೀ. ದುಂಡು, ಹೆಚ್ಚಿನ ಎಲ್ಲ ಹಿಡಿಕೆಗಳಿಗೂ ಕೂಡುತ್ತವೆ. ಕಾರ್ಬನ್ ಕಂಬಿಗಳು ಹೆಚ್ಚಾಗಿ ಮೊಟ್ಟೆಯಾಕಾರ: 7 ಮಿ.ಮೀ. ಅಗಲ, 9 ಅಥವಾ 10 ಮಿ.ಮೀ. ಎತ್ತರ. ಮೇಲೆ ಕೆಳಗಿನಿಂದ ಹಿಡಿಯುವ ಹಿಡಿಕೆಗಳಲ್ಲಿ ಇವು ಹೇಗೋ ಕೂರಬಹುದು. ಬದಿಯಿಂದ ಹಿಡಿಯುವ ಹಿಡಿಕೆಗೆ ಬೇರೆ ಕಿವಿಗಳು, ಅಂದರೆ ಕಂಬಿಯನ್ನು ಅದುಮಿ ಹಿಡಿಯುವ ತುಂಡುಗಳು, ಬೇಕೇ ಬೇಕು. ದುಂಡು ಕಂಬಿಯ ಕಿವಿಗಳಲ್ಲಿ ಕಾರ್ಬನ್ ಕಂಬಿ ಸಿಕ್ಕಿಸಿ ಬಿಗಿದರೆ ಒಂದೆರಡು ಕಡೆ ಮಾತ್ರ ಒತ್ತಿ ಅದು ಬಿರುಕು ಬಿಡುತ್ತದೆ, ಓಡಿಸುವಾಗ ಮುರಿಯುತ್ತದೆ. ಹಿಡಿಕೆ ಯಾವ ಬಗೆಯದು ಎಂದು ಕೊಳ್ಳುವ ಮೊದಲೇ ನೋಡಿ. ಸವಾರನ ತೂಕಕ್ಕೆ ಕಂಪನಿ ಮಿತಿ ಹೇಳಿದ್ದರೆ ಅದನ್ನೂ ಓದಿ. ಗೊಂದಲವಾದರೆ ಉಕ್ಕಿನ ಕಂಬಿಯದೇ ತೆಗೆದುಕೊಳ್ಳಿ, ಕೂರುವ ಸುಖದಲ್ಲಿ ಏನೂ ಕಳೆದುಕೊಳ್ಳುವುದಿಲ್ಲ.

ಹಂತ 6: ಹಳೆಯದನ್ನು ಬಿಚ್ಚುವ ಮುನ್ನ ಮೂರು ಅಳತೆ

ಇದನ್ನು ಮರೆತು ಬಿಚ್ಚಿದವರು ಆಮೇಲೆ ತಿಂಗಳುಗಟ್ಟಲೆ ತಡಕಾಡುತ್ತಾರೆ. ಸೀಟಿನ ಮೂತಿಯಿಂದ ಹಿಂದಕ್ಕೆ ಬರುತ್ತಾ ಅಗಲ ಸರಿಯಾಗಿ 80 ಮಿ.ಮೀ. ಆಗುವ ಜಾಗ ಹುಡುಕಿ, ಅಲ್ಲಿ ಅಂಟುಪಟ್ಟಿ ಅಂಟಿಸಿ. ಹೊಸ ಸೀಟಿಗೂ ಹಾಗೆಯೇ ಅಂಟಿಸಿ. ಸೀಟುಗಳ ಉದ್ದ ಬೇರೆ ಬೇರೆ ಇದ್ದರೂ ಈ 80ರ ಗೆರೆಯನ್ನು ಹಿಡಿದು ಒಂದನ್ನು ಇನ್ನೊಂದಕ್ಕೆ ಹೋಲಿಸಬಹುದು.

ಬೈಕಿನ ಹಿಂದಿನ ಚಕ್ರವನ್ನು ಗೋಡೆಗೆ ತಾಗಿಸಿ ಮಟ್ಟಸವಾದ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ. ಕ್ರ್ಯಾಂಕ್ ಅಕ್ಷದ ನಡುವಿನಿಂದ 80ರ ಗೆರೆಗೆ ಎಷ್ಟು ದೂರ, ಇದು ಎತ್ತರ. ಗೋಡೆಯಿಂದ ಆ ಗೆರೆಗೆ ಅಡ್ಡಲಾಗಿ ಎಷ್ಟು, ಇದು ಹಿಂದು ಮುಂದಿನ ಸ್ಥಾನ. ಸೀಟಿನ ಮೇಲೆ ಹಲಗೆಯಿಟ್ಟು ರಸಮಟ್ಟದಲ್ಲಿ ಎಷ್ಟು ಡಿಗ್ರಿ, ಇದು ಓರೆ. ಮೂರನ್ನೂ ಬರೆದು, ಬದಿಯಿಂದ ಒಂದು ಫೋಟೊ ತೆಗೆದಿಡಿ.

ಗಿಡ್ಡ ಮೂತಿಯ ಸೀಟಿಗೆ ಹೋಗುವವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಹಳೆಯ ಮೂತಿ ಇದ್ದ ಜಾಗಕ್ಕೇ ಹೊಸ ಮೂತಿ ಬರುವಂತೆ ಕಟ್ಟಿದರೆ ಸೀಟಿನ ಅಗಲ ಭಾಗ 20, 30 ಮಿ.ಮೀ. ಮುಂದಕ್ಕೆ ಬಂದುಬಿಡುತ್ತದೆ. ಮೊಣಕಾಲಿನ ಮುಂಭಾಗಕ್ಕೂ ಅಂಗೈಗೂ ನೋವು ಶುರುವಾಗುತ್ತದೆ, ಬೈಗುಳ ಸೀಟಿಗೆ ಬೀಳುತ್ತದೆ. ಗಿಡ್ಡ ಮೂತಿ ಹಿಂದೆಯೇ ಉಳಿಯಬೇಕು.

ಹಂತ 7: ಜೋಡಿಸಿ

ಹಿಡಿಕೆಯ ಬೋಲ್ಟನ್ನು ಸಡಿಲಿಸಿ. ಒಂದೇ ಬೋಲ್ಟಿನ ಹಿಡಿಕೆಯಲ್ಲಿ ಮೇಲಿನ ತಟ್ಟೆಯನ್ನು ಅಡ್ಡಕ್ಕೆ ತಿರುಗಿಸಿ ಕಂಬಿಗಳನ್ನು ಹೊರತೆಗೆಯಬಹುದು. ಎರಡು ಬೋಲ್ಟಿನದಾದರೆ ಒಂದನ್ನು ಪೂರ್ತಿ ಬಿಚ್ಚಿ ತಟ್ಟೆಯನ್ನು ಎತ್ತಬೇಕಾಗುತ್ತದೆ. ತಟ್ಟೆ, ವಾಷರ್‌ಗಳು ಯಾವ ಕ್ರಮದಲ್ಲಿ, ಯಾವ ಮುಖ ಮೇಲಾಗಿ ಇದ್ದವು ಎಂದು ಫೋಟೊ ತೆಗೆದುಕೊಂಡೇ ಮುಂದೆ ಹೋಗಿ. ಕಂಬಿ ಕೂರುವ ಜಾಗದ ಧೂಳು ಮರಳನ್ನು ಬಟ್ಟೆಯಿಂದ ಒರೆಸಿ. ಆಮೇಲೆ ಕೇಳುವ ಕಿರುಗುಟ್ಟುವ ಸದ್ದಿನ ಮೂಲ ಹೆಚ್ಚಾಗಿ ಇದೇ. ಬೋಲ್ಟಿನ ಥ್ರೆಡ್‌ಗೆ ತೆಳ್ಳಗೆ ಗ್ರೀಸ್ ಹಚ್ಚಿ. ಕಾರ್ಬನ್ ಕಂಬಿಗೆ ಮಾತ್ರ ಗ್ರೀಸ್ ತಾಗಬಾರದು.

ಹೊಸ ಸೀಟಿನ ಕಂಬಿಗಳ ಮೇಲೆ ಹಿಡಿಕೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಗೆರೆಗಳಿರುತ್ತವೆ. ಹಿಡಿಕೆ ಆ ಗೆರೆಗಳ ಒಳಗೇ ಇರಬೇಕು. ಕಂಬಿ ಬಾಗಲು ಶುರುವಾಗುವ ಜಾಗದಲ್ಲಿ ಕಚ್ಚಿಸಿದರೆ ಮುರಿಯುವುದು ಅಲ್ಲೇ. ನಿಮ್ಮ ಸ್ಥಾನ ಗೆರೆ ದಾಟಿದರೆ ಹಿಂದಕ್ಕೆ ಬಾಗಿರುವ ಅಥವಾ ನೇರವಾಗಿರುವ ಬೇರೆ ಸೀಟ್‌ಪೋಸ್ಟ್ ಬೇಕು.

ಬಿಗಿಯುವ ಬಲ ಹಿಡಿಕೆಯ ಮೇಲೇ ಅಚ್ಚಾಗಿರುತ್ತದೆ, ನ್ಯೂಟನ್ ಮೀಟರ್ ಲೆಕ್ಕದಲ್ಲಿ. ಅದಕ್ಕಿಂತ ಮೇಲೆ ಹೋಗಬೇಡಿ. ಎರಡು ಬೋಲ್ಟಿದ್ದರೆ ಕಾಲು ಸುತ್ತು ಇದನ್ನು, ಕಾಲು ಸುತ್ತು ಅದನ್ನು ಎಂದು ಸರದಿಯಲ್ಲಿ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಓರೆ ಬದಲಾಗುತ್ತದೆ, ಬೋಲ್ಟೂ ಬಾಗುತ್ತದೆ.

ಎತ್ತರವನ್ನು ಮತ್ತೆ ಅಳೆಯಲೇಬೇಕು. ಕಂಬಿಯಿಂದ ಮೇಲ್ಮೈವರೆಗಿನ ಎತ್ತರ ಸೀಟಿನಿಂದ ಸೀಟಿಗೆ 10 ಮಿ.ಮೀ.ಗೂ ಹೆಚ್ಚು ಬದಲಾಗಬಹುದು. ಸೀಟ್‌ಪೋಸ್ಟ್ ಮುಟ್ಟಿಲ್ಲ, ಹಾಗಾಗಿ ಎತ್ತರ ಅದೇ ಎಂದುಕೊಂಡವರು ಹೊಸ ಸೀಟಿನ ಮೇಲೆ ಸೊಂಟ ಆಡಿಸುತ್ತಾ ಓಡಿಸುತ್ತಾರೆ. ಪೋಸ್ಟ್ ಎತ್ತುವಾಗ ಕನಿಷ್ಠ ಒಳಗಿರಬೇಕಾದ ಗೆರೆ ಫ್ರೇಮಿನ ಹೊರಗೆ ಕಾಣಬಾರದು. ಪೋಸ್ಟ್ ಕಾರ್ಬನ್ನಿನದಾದರೆ ಗ್ರೀಸ್ ಬದಲು ಕಾರ್ಬನ್ ಪೇಸ್ಟ್, ಅಂದರೆ ಜಾರದಂತೆ ಹಿಡಿಯುವ ಮರಳುಮರಳಾದ ಲೇಪ, ಹಚ್ಚಿ.

ಓರೆಯನ್ನು ಸೊನ್ನೆಯಲ್ಲಿ, ಅಂದರೆ ನೆಲಕ್ಕೆ ಸಮನಾಗಿ, ಶುರು ಮಾಡಿ. ಹಿಂಭಾಗ ಏರಿರುವ ಸೀಟಿನಲ್ಲಿ ಹಲಗೆಯನ್ನು ತುದಿಯಿಂದ ತುದಿಗೆ ಇಡದೆ ಮುಂದಿನ ಅರ್ಧ ಭಾಗದ ಮೇಲೆ ಮಾತ್ರ ಇಟ್ಟು ನೋಡಿ. ಹಾಗೆ ಮಾಡದಿದ್ದರೆ ಮೂತಿ ಆಕಾಶ ನೋಡುತ್ತದೆ. ಗಿಡ್ಡ ಮೂತಿಯವು ಮುಂದೆ 1ರಿಂದ 3 ಡಿಗ್ರಿ ಇಳಿದಾಗ ಹೆಚ್ಚು ಮಂದಿಗೆ ಒಗ್ಗುತ್ತವೆ.

ಹಂತ 8: ಓಡಿಸಿ, ಒಂದೊಂದೇ ತಿದ್ದಿ

ಮೊದಲ ಸವಾರಿ ಒಂದು ಗಂಟೆ ಮೀರದಿರಲಿ, ಮನೆಯಿಂದ ದೂರ ಹೋಗಬೇಡಿ. ಅಲೆನ್ ಕೀ ಜೇಬಿನಲ್ಲಿರಲಿ. ಬೈಕನ್ನು ಕಟ್ಟಿ ಮನೆಯೊಳಗೆ ನಿಂತಲ್ಲೇ ತುಳಿಯುವ ಸ್ಟ್ಯಾಂಡಿನ (ಟ್ರೈನರ್) ಮೇಲೆ ಮಾತ್ರ ಓಡಿಸಿ ಸೀಟಿನ ಬಗ್ಗೆ ತೀರ್ಪು ಕೊಡಬೇಡಿ. ಅಲ್ಲಿ ಬೈಕು ಅಲುಗುವುದಿಲ್ಲ, ನೀವು ಎದ್ದು ನಿಲ್ಲುವುದೂ ಕಡಿಮೆ, ಹಾಗಾಗಿ ಒಳ್ಳೆಯ ಸೀಟೂ ನೋಯಿಸುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ: ಓರೆಯಾದರೆ 1 ಡಿಗ್ರಿ, ಎತ್ತರವಾದರೆ 2ರಿಂದ 3 ಮಿ.ಮೀ., ಹಿಂದು ಮುಂದಾದರೆ 5 ಮಿ.ಮೀ. ಪ್ರತಿ ಬದಲಾವಣೆಗೂ ಕನಿಷ್ಠ ಎರಡು ಸವಾರಿ ಕೊಡಿ. ಸೀಟನ್ನು 10 ಮಿ.ಮೀ. ಹಿಂದಕ್ಕೆ ತಳ್ಳಿದರೆ ಪೆಡಲಿಗೆ ದೂರವೂ ಸುಮಾರು 3 ಮಿ.ಮೀ. ಹೆಚ್ಚುತ್ತದೆ. ಅಷ್ಟನ್ನು ಕೆಳಗಿಳಿಸಿ ಸರಿದೂಗಿಸಿ.

ಮುಂದಕ್ಕೆ ಜಾರುತ್ತಾ ಅಂಗೈಗೆ ಭಾರ ಬೀಳುತ್ತಿದ್ದರೆ ಮೂತಿ ತೀರಾ ಕೆಳಗಿದೆ. 1 ಡಿಗ್ರಿ ಏರಿಸಿ. ಮುಂದೆ ಒತ್ತುತ್ತಿದ್ದರೆ 1 ಡಿಗ್ರಿ ಇಳಿಸಿ. ಜೋಮು ಹೋಗಲೆಂದು ಮೂತಿಯನ್ನು 5, 6 ಡಿಗ್ರಿ ಇಳಿಸುವವರಿದ್ದಾರೆ. ಜೋಮು ತಗ್ಗಬಹುದು, ಬದಲಿಗೆ ತೋಳು, ಭುಜ, ಕತ್ತು ಸೋಲುತ್ತವೆ. 3 ಡಿಗ್ರಿ ದಾಟಿಯೂ ಜೋಮು ಉಳಿದರೆ ಆ ಆಕಾರ ನಿಮ್ಮದಲ್ಲ ಎಂದು ತಿಳಿಯಿರಿ. ಮೂಳೆಗಳ ಜಾಗದಲ್ಲಿ ಮೊದಲ ವಾರ ಮೆಲುನೋವು ಇದ್ದರೆ ಕಾಯಿರಿ. ಜೋಮು, ಚರ್ಮ ಸುಲಿಯುವುದು ಮೊದಲ ದಿನವೇ ಬಂದರೂ ಕಾಯಬೇಡಿ, ತಿದ್ದಿ.

ಐದಾರು ಸವಾರಿ, ಅದರಲ್ಲಿ ಒಂದು ನೀವು ಎಂದಿನಂತೆ ಹೋಗುವಷ್ಟು ಉದ್ದದ್ದು, ಮುಗಿದ ಮೇಲೆ ತೀರ್ಮಾನಿಸಿ. ಒಗ್ಗದಿದ್ದರೆ ನೋಟ್‌ಬುಕ್ ತೆರೆದು ಹಂತ 2ಕ್ಕೆ ಮರಳಿ: ನೋವು ಈಗ ಎಲ್ಲಿದೆ? ಮುಂದಿನ ಸೀಟಿನಲ್ಲಿ ಆ ಒಂದು ಗುಣ ಮಾತ್ರ ಬದಲಾಗಲಿ. ಅಗಲ, ಆಕಾರ, ಸೀಳು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ನೆರವಾಯಿತು ಎಂದು ಗೊತ್ತಾಗುವುದಿಲ್ಲ. ಎಷ್ಟು ಒಳ್ಳೆಯ ಸೀಟೇ ಆದರೂ 10, 15 ನಿಮಿಷಕ್ಕೊಮ್ಮೆ ಕೆಲವು ಕ್ಷಣ ಎದ್ದು ನಿಂತು ತುಳಿಯುವ ರೂಢಿ ಇರಲಿ.

ಒಗ್ಗಿತು ಎಂದಾದ ದಿನ ಮೂರೂ ಅಳತೆಗಳನ್ನು ಮತ್ತೆ ತೆಗೆದು, ಸೀಟಿನ ಮಾಡೆಲ್ ಮತ್ತು ಅಗಲದ ಜೊತೆ ಬರೆದಿಡಿ. ಪೋಸ್ಟ್ ಫ್ರೇಮಿನೊಳಗೆ ಇಳಿಯುವ ಜಾಗದಲ್ಲಿ ಸುತ್ತಲೂ ಅಂಟುಪಟ್ಟಿ ಸುತ್ತಿ. ಬೈಕನ್ನು ಬಿಚ್ಚಿ ಸಾಗಿಸಿದಾಗ, ಪೋಸ್ಟ್ ತಾನಾಗಿ ಜಾರಿ ಇಳಿದಾಗ ಅದು ತೋರಿಸಿಕೊಡುತ್ತದೆ. ಮೊದಲ 100 ಕಿ.ಮೀ. ಆದ ಮೇಲೆ ಹಿಡಿಕೆಯ ಬೋಲ್ಟುಗಳ ಬಿಗಿ ಮತ್ತೊಮ್ಮೆ ನೋಡಿ. ವರ್ಷಕ್ಕೊಮ್ಮೆ ಸೀಟನ್ನು ಹಿಂದಿನಿಂದ ಕಣ್ಣಿನ ಮಟ್ಟದಲ್ಲಿ ಗಮನಿಸಿ: ಒಂದು ಬದಿ ಕುಸಿದಿದ್ದರೆ, ಚಿಪ್ಪಿನಲ್ಲಿ ಬಿಳಿ ಗೆರೆ ಮೂಡಿದ್ದರೆ, ಕಂಬಿ ಬಾಗಿದ್ದರೆ ಅದೇ ಮಾಡೆಲ್, ಅದೇ ಅಗಲದ ಹೊಸದನ್ನು ತಂದು ಬರೆದಿಟ್ಟ ಅಳತೆಯಲ್ಲೇ ಕಟ್ಟಿ.